ಕಪ್ಪು ಕಿಟಕಿಯನ್ನು ಕರೆದವರು ಯಾರು

೩ ಸೆಪ್ಟೆಂಬರ್ ೨೦೨೪, ಮಂಗಳವಾರ

ಹೊಸ ವಹಿ. ಮೊದಲ ಪುಟದಲ್ಲಿ ಹೆಸರು ಬರೆಯುವುದು ನನ್ನ ರೂಢಿ. ರಾಜಮತಿ ಬಾಪುಸಾಹೇಬ ಮಗದುಮ್, ನಿಪ್ಪಾಣಿ. ವಯಸ್ಸು ಅರವತ್ತೆಂಟು. ಎಸ್ಸೆಸ್ಸೆಲ್ಸಿ, ಫಸ್ಟ್ ಕ್ಲಾಸ್. ನಮ್ಮ ಜೈನ ಸಮಾಜದ ವಧು-ವರ ಕೇಂದ್ರ ಇಪ್ಪತ್ತಾರು ವರ್ಷದಿಂದ ನನ್ನ ಕೈಯಲ್ಲಿ. ರಾಯಬಾಗದಿಂದ ಕಾಗವಾಡದವರೆಗೆ ನಾನು ಹೂಂ ಅನ್ನದೆ ಯಾರೂ ಹೆಣ್ಣು ನೋಡಲು ಹೋಗುವುದಿಲ್ಲ.

ಇವತ್ತು ಇಮೇಲಿನಲ್ಲಿ ಒಬ್ಬ ವರನ ಬಯೋಡಾಟಾ. ಮೂವತ್ತು ಎಕರೆ ದ್ರಾಕ್ಷಿ. ತೆರೆದರೆ ಬರೀ ಮಸುಕು, ಮೇಲೆ ಹಳದಿ ಪಟ್ಟಿ. ಒತ್ತಿದರೆ ಕಾಣುತ್ತದೆ ಎಂದಿತ್ತು.

"ಒತ್ತಬ್ಯಾಡ್ರಿ ಅವ್ವಾರ. ಯಾರದೋ ಏನೋ," ಅಂದಳು ತ್ರಿಶಲಾ. ಕೇಂದ್ರದ ಕಂಪ್ಯೂಟರ್ ನೋಡಿಕೊಳ್ಳುವವಳು, ಅಕ್ಕೋಳದವಳು.

ಅಂಥ ಮನೆತನದವರನ್ನು ಕಾಯಿಸುವುದೇ? ಒತ್ತಿದೆ. ಒಂದು ಕಪ್ಪು ಕಿಟಕಿ ಬಂದು, ಓದುವಷ್ಟರಲ್ಲಿ ಮಾಯ. ಆಮೇಲೆ ಬಯೋಡಾಟಾ ಕಂಡಿತು. ಹುಡುಗನ ಮೂಗು ಸ್ವಲ್ಪ ದೊಡ್ಡದು.

೭ ಸೆಪ್ಟೆಂಬರ್

ನಾಳೆಯಿಂದ ದಶಲಕ್ಷಣ ಪರ್ವ. ಹತ್ತು ದಿನ ಕೇಂದ್ರ ಬಂದ್. ತ್ರಿಶಲಾ ಕಂಪ್ಯೂಟರ್ ಆರಿಸಲು ಹೋದಳು. ಬೇಡ ಅಂದೆ. ಹಳೇ ಡಬ್ಬಾ, ಆರಿಸಿದರೆ ಮತ್ತೆ ಏಳುವುದಿಲ್ಲ. ಬಸದಿಯಲ್ಲಿ ದಿನಾ ಎರಡು ಗಂಟೆಗೆ ಪ್ರವಚನ. ಅವಳನ್ನು ನನ್ನ ಪಕ್ಕದಲ್ಲೇ ಕೂರಿಸಿಕೊಳ್ಳುತ್ತೇನೆ. ಕಾಗವಾಡದವರು ನೋಡಲಿ. ಆ ಮನೆಗೆ ಅವಳನ್ನು ಕೊಡುವ ಮಾತು ನಾನೇ ಆಡಿದ್ದೇನೆ.

೨೦ ಸೆಪ್ಟೆಂಬರ್

ಐಗಳಿಯ ಭೂಪಾಲ ಬಂದಿದ್ದ. ಅವನ ಮಗಳಿಗೆ ಯಾರೋ ಫೋನ್ ಮಾಡಿ ಅವಳ ಜನ್ಮವೇಳೆ, ಎತ್ತರ, ಫೋಟೋದಲ್ಲಿನ ಸೀರೆಯ ಬಣ್ಣ ಎಲ್ಲ ಹೇಳಿದನಂತೆ. ಭೇಟಿಗೆ ಬಾ, ಇಲ್ಲಾಂದ್ರೆ ಫೋಟೋ ಎಲ್ಲೆಲ್ಲೋ ಹಾಕ್ತೇನೆ ಅಂದನಂತೆ.

"ಆ ಫೋಟೋ ನಿಮ್ಮ ಕಂಪ್ಯೂಟರ್ ಬಿಟ್ರ ಎಲ್ಲೂ ಇಲ್ರಿ ಅಕ್ಕಾರ. ನಿಮ್ಮ ಮಾರಿ ನೋಡಿ ಕೊಟ್ಟಿದ್ವಿ."

ಕುರ್ಚಿ ಸರಿಸಿದೆ. ಕೂರಲಿಲ್ಲ.

ವೈರಸ್ ಸ್ಕ್ಯಾನ್ ಮಾಡಿಸಿದೆ. ಹಸಿರು ಟಿಕ್. ಏನೂ ಇಲ್ಲ. ಹೊರಗಿನವರು ಒಳಗೆ ಬಂದಿಲ್ಲ ಅಂದಮೇಲೆ ಒಳಗಿನವಳೇ.

೨೧ ಸೆಪ್ಟೆಂಬರ್

ತ್ರಿಶಲಾಳನ್ನು ತೆಗೆದೆ. ಕೇಂದ್ರದ ವಾಟ್ಸಾಪ್ ಗ್ರೂಪಿನಲ್ಲೂ ಹಾಕಿದೆ, ಹೆಸರು ಸಮೇತ. "ನಾ ಮಾಡಿಲ್ರಿ" — ಅಷ್ಟೇ ಅಂದಳು. ಅಳಲಿಲ್ಲ. ಅತ್ತಿದ್ದರೆ ನಂಬುತ್ತಿದ್ದೆನೋ ಏನೋ.

೨೪ ಸೆಪ್ಟೆಂಬರ್, ಮಧ್ಯಾಹ್ನ ೨

ಊಟ ಬೇಡವಾಗಿ ಕೇಂದ್ರದಲ್ಲೇ ಕೂತಿದ್ದೆ. ದಿನಾ ಈ ಹೊತ್ತಿಗೆ ಇಲ್ಲಿ ಯಾರೂ ಇರುವುದಿಲ್ಲ. ಎರಡೂ ಕೈ ಮಡಿಲಲ್ಲಿ. ಕಪ್ಪು ಕಿಟಕಿ ಬಂತು. ಹೋಯಿತು.

ಯಾರೂ ಮುಟ್ಟಿಲ್ಲ. ತ್ರಿಶಲಾ ಇಲ್ಲಿಲ್ಲ. ಕೀಲಿ ನನ್ನ ಸೊಂಟದಲ್ಲಿ... ಹಾಗಾದರೆ?

೨೫ ಸೆಪ್ಟೆಂಬರ್, ಮಧ್ಯಾಹ್ನ ೨

ಮತ್ತೆ. ಗಡಿಯಾರದ ಮುಳ್ಳಿಗೆ ಸರಿಯಾಗಿ.

೨೭ ಸೆಪ್ಟೆಂಬರ್

ಚಿಕ್ಕೋಡಿಯಿಂದ ತಂಗಿಯ ಮಗಳು ಉಜ್ವಲಾಳನ್ನು ಕರೆಸಿದೆ. ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಮೂರು ತಾಸು ಅದರ ಮುಂದೆ ಕೂತಳು.

"ವೈರಸ್ ಇಲ್ಲ ಮಾವಶಿ. ಕಳ್ಳ ಹೊರಗಿಂದ ಏನೂ ತಂದಿಲ್ಲ. ಇದರಾಗ ಮೊದಲಿಂದ ಇರೋ ಸಾಮಾನ ತಗೊಂಡನ ಕೆಲಸ ಮಾಡ್ಯಾನ."

"ಅಂದ್ರ ಕಂಪ್ಯೂಟರ್ ಮಾಡಿದವರೇ ಕಳ್ಳರೇನ?"

ನಕ್ಕಳು. ನನ್ನ ಮುಂದೆ ಹಾಗೆ ನಗುವವರು ಕಡಿಮೆ. "ಅಲ್ರಿ! ಈ ಕಪ್ಪು ಕಿಟಕಿ ರಿಪೇರಿಗಂತ ಇರತೈತಿ. ನಾನೂ ದಿನಾ ಬಳಸ್ತೇನಿ. ಅದಕ್ಕ ಸ್ಕ್ಯಾನ್ ಸುಮ್ಮನ ಕುಂತೈತಿ."

"ನೀನೂ ಬಳಸ್ತಿ, ಕಳ್ಳನೂ ಬಳಸ್ತಾನ. ಗುರ್ತ ಹೆಂಗ ಹಿಡಿಯೂದು ಮತ್ತ?"

"ಅದನ್ನ ಯಾರ ಕರದ್ರು ನೋಡೂದು. ಬಯೋಡಾಟಾ ಅಂದ್ರ ಸುಮ್ಮನ ಓದಿಸ್ಕೋಬೇಕು. ಅದಕ್ಕ ರಿಪೇರಿ ಕಿಟಕಿ ಕರಿಯೂ ಕೆಲಸ ಏನ?"

ತೋರಿಸಿದಳು. ಸೆಪ್ಟೆಂಬರ್ ಮೂರು, ಹನ್ನೊಂದೂ ಹತ್ತು: ಆ ದ್ರಾಕ್ಷಿ ತೋಟದವನ ಫೈಲು ಕಪ್ಪು ಕಿಟಕಿಯನ್ನು ಕರೆದಿದೆ. ಕಂಪ್ಯೂಟರಿಗೆ ತನ್ನದೇ ಒಂದು ದಿನನಿತ್ಯದ ಕೆಲಸದ ಪಟ್ಟಿ ಇರುತ್ತದಂತೆ. ಕಿಟಕಿ ಅದರಲ್ಲಿ ಒಂದು ಸಾಲು ಸೇರಿಸಿದೆ: ದಿನಾ ಎರಡಕ್ಕೆ ಫೋಟೋ, ಬಯೋಡಾಟಾ ಹೊರಗೆ ಕಳಿಸು. ಪರ್ವದ ಹತ್ತೂ ದಿನ ಕಳಿಸಿದೆ. ಆ ಹತ್ತೂ ದಿನ ಎರಡು ಗಂಟೆಗೆ ತ್ರಿಶಲಾ ಬಸದಿಯಲ್ಲಿ, ನನ್ನ ಮೊಣಕೈಗೆ ತಾಗಿ ಕೂತಿದ್ದಳು.

"ಅವತ್ತ ಹಳದಿ ಪಟ್ಟಿ ಒತ್ತಿದವರ ಯಾರ ಮಾವಶಿ?"

ಚಹಾ ತರಿಸಿದೆ. ಅವಳಿಗೆ ತಿಳಿಯಿತು ಅನ್ನಿಸುತ್ತದೆ. ನೆಟ್ ವೈರು ಕಿತ್ತಿಟ್ಟು ಹೋದಳು.

೨೮ ಸೆಪ್ಟೆಂಬರ್

ಸೈಬರ್ ಪೊಲೀಸರಿಗೆ ದೂರು ಹೋಯಿತು. ಬರೆದುಕೊಟ್ಟವಳು ಉಜ್ವಲಾ. "ಗ್ರೂಪಿನ್ಯಾಗ ವೈರಸ್ ಬಂದಿತ್ತು ಅಂತ ಹಾಕಿ ಬಿಡ್ರಿ. ಯಾರ ಕೇಳ್ತಾರ?" ಅಂದಳು.

ಹಾಕಬಹುದು. ಆದರೆ ಒಳಗೆ ಬಿಟ್ಟವಳು ತ್ರಿಶಲಾ ಅನ್ನುತ್ತಾರೆ. ಕಂಪ್ಯೂಟರ್ ಮುಂದೆ ಕೂರುತ್ತಿದ್ದವಳು ಅವಳೇ ತಾನೆ.

ಸಂಜೆ ಕಾಗವಾಡದ ಫೋನ್. "ಆ ಹುಡುಗಿ ಬ್ಯಾಡ್ರಿ ನಮಗ. ನೀವ ಬರದೀರಲ್ಲ ಗ್ರೂಪಿನ್ಯಾಗ."

ಹೌದು. ನಾನೇ ಬರೆದದ್ದು. ಇಪ್ಪತ್ತಾರು ವರ್ಷದಲ್ಲಿ ನಾನು ಕೂಡಿಸಿದ ಸಂಬಂಧ ಒಂದೂ ಮುರಿದಿಲ್ಲ. ಇದನ್ನು ನಾನೇ ಮುರಿದೆನೋ? ಆ ಫೈಲು ಮುರಿಯಿತೋ? ತಿಳಿಯುತ್ತಿಲ್ಲ. ಒತ್ತಿದ ಬೆರಳು ಯಾರದೆಂದು ಮಾತ್ರ ತಿಳಿದಿದೆ.

೨೯ ಸೆಪ್ಟೆಂಬರ್, ರವಿವಾರ, ಬೆಳಿಗ್ಗೆ ೧೦

ಹೇಳಿಯಾಯಿತು. ಗ್ರೂಪಿನಲ್ಲಿ, ನನ್ನ ದನಿಯಲ್ಲೇ. ಬರೆದರೆ ಬೇರೆಯವರು ಬರೆದದ್ದು ಅನ್ನುತ್ತಾರೆ.

"ನಾ ರಾಜಮತಿ ಮಾತಾಡಾಕತ್ತೇನಿ. ಕಳ್ಳ ಫೈಲು ತೆರೆದಾಕಿ ನಾನು. ತ್ರಿಶಲಾ ಬ್ಯಾಡ ಅಂದಿದ್ಲು, ನಾ ಕೇಳಲಿಲ್ಲ. ನಿಮ್ಮ ಹೆಣ್ಮಕ್ಕಳ ಫೋಟೋ ಹೊರಗ ಹೋಗ್ಯಾವ. ಯಾರರ ಹೆದರಿಸಿದ್ರ ಪೊಲೀಸರಿಗೆ ಹೇಳ್ರಿ. ಹುಡುಗೀರ್ನ ಬೈಬ್ಯಾಡ್ರಿ, ನನಗ ಬೈರಿ."

ಮುನ್ನೂರ ಹನ್ನೆರಡು ಜನ. ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿದೆ — ಭೂಪಾಲ, ಕಾಗವಾಡ, ಮತ್ತೆ ಭೂಪಾಲ. ಎತ್ತಿಲ್ಲ. ಮೊದಲು ಅಕ್ಕೋಳ. ಗಾಡಿ ಬಾಗಿಲಿಗೆ ಬಂದಿದೆ. ತ್ರಿಶಲಾ ಕದ ತೆಗೆಯುತ್ತಾಳೋ ಇಲ್ಲವೋ. ತೆಗೆದರೆ ಮೊದಲ ಮಾತು ಏನೆಂದು ದಾರಿಯಲ್ಲಿ ಯೋಚಿಸುತ್ತೇನೆ.