ಹಾಳೆಯ ಹಿಂದಿನ ಬೆಟ್ಟ

ಜೂನ್ 9, ಭಾನುವಾರ
ಇವತ್ತೂ ಬರೀ ಗೆರೆ. ತೆಳು, ದಪ್ಪ, ತೆಳುವಾಗಿ ಹೊರಟು ದಪ್ಪವಾಗಿ ನಿಲ್ಲುವವು. ಪಿರಿಯಾಪಟ್ಟಣದ ಡ್ರಾಯಿಂಗ್ ಕ್ಲಾಸಿನ ಷಣ್ಮುಖಪ್ಪ ಮೇಷ್ಟ್ರು ನನ್ನ ಹಾಳೆ ನೋಡಿ ನಕ್ಕರು. “ಲೆಕ್ಚರರ್ ಅಲ್ವಾ ಮೇಡಂ, ಹಾಜರಿ ಪುಸ್ತಕಕ್ಕೆ ಗೀಟು ಹೊಡ್ದಂಗದೆ. ಒತ್ತೋ ಕಡೆ ಒತ್ತಿ, ಬುಡೋ ಕಡೆ ಬುಡಿ.”

ಅವ್ವನಿಗೆ ನಮ್ಮ ಬೆಟ್ಟ ಬರೆದುಕೊಡಬೇಕು. ಅಷ್ಟೇ ಆಸೆ. ಹೋದ ದೃಷ್ಟಿ ಮರಳುವುದಿಲ್ಲ ಎಂದು ಮೈಸೂರಿನ ಡಾಕ್ಟರು ಹೇಳಿದಾಗಿನಿಂದ ಜಗಲಿಗೇ ಬರುತ್ತಿಲ್ಲ. ದಿನಾ ಬೆಳಿಗ್ಗೆ ಬೆಟ್ಟಕ್ಕೆ ಕೈ ಮುಗಿಯುತ್ತಿದ್ದವಳು ಈಗ ಗೋಡೆಗೆ ಮುಖ ಮಾಡಿ ಕೂರುತ್ತಾಳೆ. ಇನ್ನೂ ಒಂದಿಷ್ಟು ನೆರಳು ಕಾಣುತ್ತದಂತೆ. ದೊಡ್ಡದಾಗಿ, ಕಪ್ಪಾಗಿ ಬರೆದರೆ...

ಜೂನ್ 12, ಬೆಳಿಗ್ಗೆ 6
ಜಗಲಿಯಲ್ಲಿ ಕೂತು ಬರೆದೆ. ಬಲಗಡೆ ಬೆಟ್ಟ ಕಡಿದಾಗಿ ಬೀಳುತ್ತದೆ. ಎಡಗಡೆ ಮಲಗಿದ ಎಮ್ಮೆಯ ಬೆನ್ನಿನ ಹಾಗೆ ಉದ್ದಕ್ಕೆ ಇಳಿಯುತ್ತದೆ. ಇಷ್ಟು ವರ್ಷ ಎದುರಿಗೇ ಇತ್ತು, ನೋಡಿಯೇ ಇರಲಿಲ್ಲ. ಬಂಡೆಯ ಹತ್ತಿರ ಪೆನ್ಸಿಲ್ ತಾನಾಗಿ ಭಾರವಾಯಿತು. ಮೋಡದ ಅಂಚಿನಲ್ಲಿ ಗೆರೆ ಇತ್ತೋ ಇಲ್ಲವೋ. ನಾನು ಪಾಠ ಹೇಳುವ ಪದ್ಯದಲ್ಲಿ ಇರುವಂತೆ ಇಲ್ಲೂ ಉಸಿರಿಗೊಂದು ಜಾಗ ಇದೆ.

ಅವ್ವನ ಮುಂದೆ ಹಿಡಿದೆ.
“ಬರೀ ಬೆಳ್ಳಗದೆ ಕಣವ್ವ,” ಅಂದಳು.

ಜೂನ್ 30
ಪೆನ್ಸಿಲ್ ಮುಟ್ಟಿಲ್ಲ. ಕ್ಲಾಸಿಗೂ ಹೋಗಿಲ್ಲ. ಅವ್ವ ಊಟ ಕಮ್ಮಿ ಮಾಡಿದ್ದಾಳೆ. ತಮ್ಮ ನಂಜುಂಡೇಶ್ ಫೋನ್ ಮಾಡಿ, ಅವ್ವನಿಗೆ ಹಠ ಬಿಡಲು ಹೇಳು ಅಂದ. ಹಠವಲ್ಲ ಅದು.

ಜುಲೈ 4, ಸಂಜೆ
ಬರೆದಿಡಬೇಕು.

ಡ್ರಾಯಿಂಗ್ ಬೋರ್ಡ್ ಸಿಗದೆ, ಕಂಬಳಿ ಮಡಿಸಿ ಅದರ ಮೇಲೆ ಹಾಳೆ ಇಟ್ಟು ಮತ್ತೆ ಅದೇ ಬೆಟ್ಟ ಬರೆದಿದ್ದೆ. ಸಿಟ್ಟಿತ್ತೇನೋ, ಬಂಡೆಗಳನ್ನು ತುಂಬಾ ಒತ್ತಿದ್ದೆ. ಬೇಡವೆನ್ನಿಸಿ, ಬೋರಲು ಹಾಕಿ ಅವ್ವನ ಚಾಪೆಯ ಪಕ್ಕ ಬಿಟ್ಟು ಅಡಿಗೆಮನೆಗೆ ಹೋದೆ. ಬಂದು ನೋಡಿದರೆ ಹಾಳೆ ಅವಳ ತೊಡೆಯ ಮೇಲೆ, ಬೋರಲಾಗಿಯೇ. ಹಿಂಬದಿಯಲ್ಲಿ ಉಬ್ಬಿದ ಗೆರೆಗಳ ಮೇಲೆ ಬೆರಳು. ಒತ್ತಿದ್ದಲ್ಲಿ ನಿಧಾನ, ತೇಲಿಸಿದ್ದಲ್ಲಿ ಹುಡುಕಾಟ.

“ಬೆಟ್ಟ ಅಲ್ವಾ?” ಅಂದಳು.
ಹೂಂ ಎಂದು ಪಕ್ಕದಲ್ಲಿ ಕೂತೆ.
“ಎಡಕ್ಕೆ ಕಡಿದಾಗದೆ. ಇದು ನನ್ ತವರಿಂದ ಕಾಣೋ ಬೆಟ್ಟ ಕಣೆ. ಆ ಕಡೀಕೆ ಯಾವಾಗ್ ಹೋಗಿದ್ದೆ ನೀನು?”

ಹೋಗಿಯೇ ಇಲ್ಲ. ಬೆಟ್ಟದ ಆಚೆಯ ಆ ಮನೆಯನ್ನು ನಾನು ಹುಟ್ಟುವ ಮುಂಚೆಯೇ ಮಾರಿದ್ದರು. ಹಾಳೆ ತಿರುಗಿಸಿದರೆ ಬಲ ಎಡವಾಗುತ್ತದೆ. ಬೆಟ್ಟದ ಆಚೆ ನಿಂತವರಿಗೂ ಹಾಗೆಯೇ! ನಾನು ಈಚೆಯಿಂದ ಬರೆದ ಗೆರೆಯನ್ನೇ ಅವಳು ಆಚೆಯಿಂದ, ಲಂಗದ ಹುಡುಗಿಯಾಗಿ ನೋಡುತ್ತಿದ್ದಳು. ಒಂದೇ ಗೆರೆ.

ಜುಲೈ 5, ಬೆಳಿಗ್ಗೆ
ಅವಳೇ ಎಬ್ಬಿಸಿದಳು. ತವರಿನ ಕೆರೆ ಬಿಟ್ಟಿದ್ದೀಯ ಎಂದು ತಕರಾರು. ಹಾಳೆಯ ಕೆಳಗೆ ಅವಳ ಬೆರಳು, ಮೇಲೆ ನನ್ನ ಪೆನ್ಸಿಲ್. ಅವಳ ಬೆರಳು ಸರಿದತ್ತ ನಾನು. “ನೀರ್ನ ಅಂಗ್ ಒತ್ಬ್ಯಾಡ, ಮೆತ್ತಗೆ” ಅನ್ನುತ್ತಾಳೆ. ಎಳೆಯುತ್ತಿರುವುದು ನಾನೋ ಅವಳೋ ತಿಳಿಯಲಿಲ್ಲ.

ಕೆರೆ ಏರಿಯ ತುದಿಗೆ ಬಂದು ಅವಳ ಬೆರಳು ನಿಂತಿತು. ಅಲ್ಲಿಂದ ತವರುಮನೆಗೆ ಹೋಗುವ ದಾರಿ ಹೇಗೆ ಎಂದು ಕೇಳಿದೆ. “ತಡಿ, ನೆನಪ್ ಮಾಡ್ಕತೀನಿ” ಅಂದಳು. ಆ ಬಿಡುವಿನಲ್ಲಿ ಇದನ್ನು ಬರೆಯುತ್ತಿದ್ದೇನೆ.

ಕರೆಯುತ್ತಿದ್ದಾಳೆ. ದಾರಿ ಸಿಕ್ಕಿತಂತೆ, ಹುಣಸೆಮರದ ಮಗ್ಗುಲಿಂದ—