ಮಹಡಿ ಮೆಷಿನ್ನಿನ ಕಣ್ಣುಗಳು

೨೯ ಸೆಪ್ಟೆಂಬರ್ ೧೯೯೭, ಸೋಮವಾರ. ಬೆಳಿಗ್ಗೆ ೯.೪೦

ಗಂಜಾಂನ ಮನೆಯಿಂದ ಬಸ್ ಸ್ಟಾಂಡಿಗೆ ಬರುವಷ್ಟರಲ್ಲಿ ಪಾಂಡವಪುರದ ಬಸ್ಸು ಹೊರಟಿತ್ತು. ಮುಂದಿನದರಲ್ಲಿ ಬಂದೆ. ಕಾಲೇಜು. ಲ್ಯಾಬಿನ ಬೀಗ ತೆಗೆದೆ.

ಇವರು ಹೋಗಿ ಹದಿನೇಳು ದಿನ. ಪಾಲಹಳ್ಳಿ ತಿರುವಿನಲ್ಲಿ ಕಬ್ಬಿನ ಟ್ರಾಕ್ಟರು, ಸ್ಕೂಟರು... ಗಂಡ ಹೋದವಳು ಇಷ್ಟು ಬೇಗ ಕೆಲಸಕ್ಕೆ ಹೊರಟಳು ಅಂತ ಬೀದಿಯವರ ಮಾತು. ಮನೆಯಲ್ಲಿ ಕೂತು ಮಾಡುವುದೇನು? ಅಳುವೂ ಬರುತ್ತಿಲ್ಲ.

ಮಾನಿಟರ್ ಆನ್ ಮಾಡಿದೆ. ಕಣ್ಣುಗಳು ಇನ್ನೂ ಇವೆ.

ಮಧ್ಯಾಹ್ನ ೧೨.೧೫

ಹೋಗುವ ಹಿಂದಿನ ದಿನ ಇವರು ಇದೇ ಕಾಲೇಜಿನ ಮಹಡಿಯ 486 ಕಂಪ್ಯೂಟರಿನಲ್ಲಿ ಕೂತು ನನ್ನ ಪರದೆಗೆ ಕಳಿಸಿದ್ದು ಅವನ್ನು. ಎಕ್ಸ್ ವಿಂಡೋ ಅಂದರೆ ಅದೇ — ಪ್ರೋಗ್ರಾಂ ಓಡುವುದು ಅಲ್ಲಿ, ಕಿಟಕಿ ತೆರೆಯುವುದು ಇಲ್ಲಿ. ಎರಡು ದುಂಡು ಕಣ್ಣು. ಮೌಸಿನ ಬಾಣ ಎತ್ತ ಹೋದರೆ ಅತ್ತ ತಿರುಗುತ್ತವೆ. "ಏ ಇಂದೂ, ಮೈಗಳ್ಳತನ ಮಾಡ್ಬೇಡ, ನೋಡ್ತಾ ಇದ್ದೀನಿ" ಅಂತ ಮೆಟ್ಟಿಲ ಮೇಲಿಂದ ಕೂಗಿದ್ದರು.

ಇವರ ಲಾಗಿನ್ ಯಾರೂ ಮುಚ್ಚಿಲ್ಲ. ಮೆಷಿನ್ನು ಆಫ್ ಆದರೆ ಈ ಕಣ್ಣು ಹೋದಂತೆಯೇ. ನಾನೇ ಹೊಸದು ತೆರೆಯಬಹುದು. ಅದು ಇವರು ತೆರೆದದ್ದಾಗುವುದಿಲ್ಲ.

೪ ಅಕ್ಟೋಬರ್

ಮೂರು ಗಂಟೆ ಕರೆಂಟಿಲ್ಲ. ಯುಪಿಎಸ್ ಕಿರುಚಿಕೊಂಡಿತು. ಓಡಿಹೋಗಿ ಜನರೇಟರ್ ಹಾಕಿಸಿದೆ. ಕಣ್ಣು ಉಳಿದವು. ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಮೊಸರನ್ನ ತಿಂದೆ.

೯ ಅಕ್ಟೋಬರ್, ಗುರುವಾರ. ೩.೦೦

ನಾಳೆ ಆಯುಧಪೂಜೆ. ಮೆಷಿನ್ನೆಲ್ಲ ಆಫ್ ಮಾಡಿ, ಒರೆಸಿ, ಕುಂಕುಮ ಇಡುವುದು. ಪ್ರತಿ ವರ್ಷ ಇಡುತ್ತಿದ್ದವಳು ನಾನು. ಈ ಸಲ ಯಾರೂ ಕರೆದಿಲ್ಲ. ಅಟೆಂಡರ್ ಹೊನ್ನಪ್ಪನಿಗೆ ನನ್ನ ಮೇಜಿನ ಮೆಷಿನ್ನು ತೋರಿಸಿ, "ಇದೊಂದನ್ನ ಆಫ್ ಮಾಡ್ಬೇಡಪ್ಪ" ಅಂದೆ.

ಪರದೆ ನೋಡಿದ. "ಸಾರು ಬುಟ್ಟೋಗಿದ್ದಾ ಇದು?"

"ಹೂಂ."

"ಬುಡಿ ಮೇಡಂ. ನಾ ಮುಟ್ಟಾಕಿಲ್ಲ. ಬೇರೇವ್ರೂ ಮುಟ್ದಂಗೆ ನೋಡ್ಕತೀನಿ."

೧೦ ಅಕ್ಟೋಬರ್. ೧೧.೩೦

ಮನೆಯಲ್ಲಿ ಕೂರಲಾಗದೆ ಬಂದೆ. ಬಾಗಿಲಲ್ಲಿ ಒಡೆದ ಬೂದುಗುಂಬಳ. ಹೊನ್ನಪ್ಪ ಮಾತಿಗೆ ತಪ್ಪಿಲ್ಲ. ಎಲ್ಲದಕ್ಕೂ ಹೂವು, ಕುಂಕುಮ. ನನ್ನದೊಂದು ಬೋಳು, ಆನ್ ಇದೆ.

"ಮ್ಯಾಲಿಂದ್ಕೂ ಪೂಜೆ ಮಾಡ್ಬುಟ್ಟೆ ಮೇಡಂ. ಸಾರು ಕೂರ್ತಿದ್ದ ಮಿಸನ್ನು ಅಂತ ಆಫ್ ಮಾಡಿ, ಚೆಂದಾಗ್ ಒರ್ಸಿ, ದೊಡ್ಡ ಊವ್ನಾರ ಆಕಿವ್ನಿ."

ಮಹಡಿಯದು ಆಫ್. ಓಡುವುದು ಅಲ್ಲಿ, ಕಿಟಕಿ ಇಲ್ಲಿ ಅಂತ ವರ್ಷವೆಲ್ಲ ಪಾಠ ಮಾಡಿದವಳು ನಾನೇ. ಆದರೂ ತೋರಿಸಿದ್ದು ಕಿಟಕಿ ಇದ್ದ ಮೆಷಿನ್ನನ್ನು, ಕಣ್ಣು ಓಡುತ್ತಿದ್ದ ಮಹಡಿಯದನ್ನಲ್ಲ. ಅವನದೇನು ತಪ್ಪು? "ಚೆನ್ನಾಗಿದೆ ಹೊನ್ನಪ್ಪ" ಅಂದೆ.

೧೧.೫೦

ಕಣ್ಣು ಪರದೆಯಿಂದ ಹೋಗಿಲ್ಲ. ಮಹಡಿಯದು ನಿಂತ ಸುದ್ದಿ ಈ ಮೆಷಿನ್ನಿಗೆ ಇನ್ನೂ ಮುಟ್ಟಿಲ್ಲ. ಕೊನೆಯ ಚಿತ್ರ ಹಾಗೇ ಉಳಿದಿದೆ. ಇನ್ನೊಂದೆರಡು ಗಂಟೆ ಇರಬಹುದು.

ಬಾಣ ಸರಿಸಿದೆ. ತಿರುಗಲಿಲ್ಲ. ಇನ್ನೊಮ್ಮೆ ಸರಿಸಿದೆ. ಎಡಕ್ಕೆ, ಕೆಳಗೆ ನೋಡುತ್ತಲೇ ಇವೆ.

ಬಾಣವನ್ನೇ ಅವು ನೋಡುವ ಕಡೆಗೆ ತಂದಿಟ್ಟೆ. ಈಗ ಸರಿಯಾಗಿದೆ. ಮೌಸಿನಿಂದ ಕೈ ತೆಗೆದಿದ್ದೇನೆ. ಯಾರೂ ಮೇಜು ಅಲುಗಿಸದಿದ್ದರೆ...