ಒಗೆಯುವ ಮನೆಯ ಮುಂದೆ ನೀನು ಹೇಳಿದ್ದು

ಗ್ಲಾಸ್ಗೋ, ಭಾನುವಾರ

ಅಮ್ಮಾ,

ಫೋನ್ ಮಾಡಿದರೆ ಎತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಈ ಊರಿನ ಹೆಂಗಸರ ಚರಿತ್ರೆ ಹೇಳುತ್ತಾ ಜನರನ್ನು ಬೀದಿಬೀದಿ ನಡೆಸುವುದು ನನ್ನ ಕೆಲಸ. "ಸತ್ತ ಹೆಂಗಸರ ಕಥೆ ಹೇಳೋಕೂ ಸಂಬಳಾನಾ?" ಅಂತ ಅಣಕಿಸುತ್ತಿದ್ದ ನೀನು ನಿನ್ನೆ ಮೊದಲ ಸಲ ಜೊತೆಗೆ ಬಂದೆ. ನನಗೆ ಖುಷಿಯಾಗಿತ್ತು.

ಕೇರಿಗೆಲ್ಲ ಒಂದೇ ಆಗಿದ್ದ ಆ ಹಳೇ ಬಟ್ಟೆ ಒಗೆಯುವ ಮನೆಯ ಮುಂದೆ, ಹೆಂಗಸರು ಇಲ್ಲಿ ಹಾಡಿಕೊಂಡು ಒಗೆಯುತ್ತಿದ್ದರು ಅಂದೆ ನಾನು. ಹಿಂದಿನಿಂದ ನೀನು, "ಯಾವ ಹಾಡೇ? ನಮ್ಮವ್ವ ಇಲ್ಲೇ, ಒದ್ದೆ ನೆಲದ ಮೇಲೆ ನನ್ನನ್ನ ಹೆತ್ತಳು. ಸಂಜೆ ಎದ್ದು ಉಳಿದ ಬಟ್ಟೆ ಹಿಂಡಿದಳು" ಅಂದುಬಿಟ್ಟೆ.

ಜನ ನಿನ್ನ ಕೈ ಹಿಡಿದು ಅತ್ತರು. ನಾನು ಕೊಡೆ ಹಿಡಿದು ಅವರೆಲ್ಲರ ಹಿಂದೆ ನಿಂತಿದ್ದೆ. ಅಜ್ಜಿಯ ಬಗ್ಗೆ ಎಷ್ಟು ಸಲ ಕೇಳಿಲ್ಲ ನಾನು! "ಹೇಳೋಕೇನಿದೆ? ಒಗೀತಿದ್ಲು, ಸತ್ಲು" ಅಂತಿದ್ದೆ ನೀನು. ದಾರಿಯಲ್ಲಿ ಸಿಕ್ಕವರಿಗೆ ಹೇಳಿದ್ದನ್ನು ಮಗಳಿಗೆ ಹೇಳಲಾಗಲಿಲ್ಲವೇ?

ಮುಂದಿನ ನಡಿಗೆಯಲ್ಲಿ ಅದನ್ನು ಹೇಳಲೋ ಬೇಡವೋ, ನೀನೇ ತೀರ್ಮಾನಿಸು. ಬುಧವಾರ ಬಾರ್ಲಿ ಸಾರು ಮಾಡಿರುತ್ತೇನೆ, ಬಾ. ಬೇರೆ ಯಾರೂ ಇರುವುದಿಲ್ಲ. ನೀನು ನನ್ನನ್ನು ಹೆತ್ತ ದಿನ ಅಜ್ಜಿ ಏನಂದಳು, ಅದೊಂದನ್ನಾದರೂ ಮೊದಲು ನನಗೆ ಹೇಳು.

ನಿನ್ನ ಮಗಳು,
ಎಲ್ಸ್‌ಪೆತ್